ರಕ್ತದ ದಾರಿಯನ್ನು ಅರಸಿದವನು: ವಿಲಿಯಂ ಹಾರ್ವೆ

ರಕ್ತಪರಿಚಲನೆಯ ಪಾಠ ಬಂದಾಗಲೆಲ್ಲ, ಮಕ್ಕಳಿಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿಯನ್ನು ಎಣಿಸಲು ಹೇಳುವುದು ನನ್ನ ಬಹುಕಾಲದ ರೂಢಿ. ಒಂದು ನಿಮಿಷದ ಮೌನದ ಬಳಿಕ 72, 80, 85 ಎಂಬ ಸಂಖ್ಯೆಗಳು ಒಂದೊಂದಾಗಿ ಕೇಳಿಬರುತ್ತವೆ. ಹೃದಯದಿಂದ ಹೊರಟ ರಕ್ತವು ದೇಹವನ್ನೆಲ್ಲ ಸುತ್ತಿ ಮರಳಿ ಹೃದಯಕ್ಕೇ ಬರುತ್ತದೆ ಎಂಬುದು ಇಂದಿನ ಮಕ್ಕಳಿಗೆ ಸಹಜವಾದ ತಿಳಿವಳಿಕೆ. ಆದರೆ ಸುಮಾರು ನಾನೂರು ವರ್ಷಗಳ ಹಿಂದೆ ಯುರೋಪಿನ ಹೆಸರಾಂತ ವೈದ್ಯರು ಕೂಡ ಇದನ್ನು ಅರಿತಿರಲಿಲ್ಲ. ಇದನ್ನು ಕಂಡು, ಎಣಿಸಿ, ಪ್ರಯೋಗದಿಂದ ಸಾಧಿಸಿ ತೋರಿದವನು ವಿಲಿಯಂ ಹಾರ್ವೆ.

ಹಾರ್ವೆ 1578ರ ಏಪ್ರಿಲ್ 1ರಂದು ಇಂಗ್ಲೆಂಡಿನ ಕೆಂಟ್ ಪ್ರಾಂತದ ಫೋಕ್‌ಸ್ಟನ್ ಎಂಬ ಕಡಲತೀರದ ಪಟ್ಟಣದಲ್ಲಿ ಜನಿಸಿದನು. ತಂದೆ ಥಾಮಸ್ ಹಾರ್ವೆ ಊರಿನ ಗಣ್ಯ. ಪಟ್ಟಣದ ಮೇಯರ್ ಆಗಿಯೂ ಸೇವೆ ಸಲ್ಲಿಸಿದವನು. ಒಂಬತ್ತು ಮಕ್ಕಳಲ್ಲಿ ವಿಲಿಯಂ ಹಿರಿಯವನು. ಕ್ಯಾಂಟರ್ಬರಿಯ ಕಿಂಗ್ಸ್ ಶಾಲೆಯಲ್ಲಿಯೂ ಅನಂತರ ಕೇಂಬ್ರಿಡ್ಜಿನಲ್ಲಿಯೂ ಓದಿದ ಅವನು, ವೈದ್ಯಶಾಸ್ತ್ರದ ಉನ್ನತ ಶಿಕ್ಷಣಕ್ಕಾಗಿ ಇಟಲಿಯ ಪಾಡುವಾ ವಿಶ್ವವಿದ್ಯಾಲಯವನ್ನು ಸೇರಿದನು. ಗೆಲಿಲಿಯೋ ಅಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಕಾಲವದು.

ಪಾಡುವಾದಲ್ಲಿ ಅವನಿಗೆ ದೊರೆತ ಗುರು ಫ್ಯಾಬ್ರಿಶಿಯಸ್. ಅಭಿಧಮನಿಗಳ ಒಳಗೆ ಪುಟ್ಟ ಬಾಗಿಲುಗಳಂತಿರುವ ಕವಾಟಗಳನ್ನು ಆತ ಶಿಷ್ಯರಿಗೆ ತೋರಿಸುತ್ತಿದ್ದನು. ರಕ್ತವು ಕೈಕಾಲುಗಳ ತುದಿಗೆ ಒಮ್ಮೆಲೇ ಹರಿದು ತುಂಬಿಕೊಳ್ಳದಂತೆ ತಡೆಯುವುದೇ ಅವುಗಳ ಕೆಲಸವೆಂದು ಗುರುವಿನ ಅಭಿಪ್ರಾಯ. ಅವೆಲ್ಲವೂ ಹೃದಯದ ಕಡೆಗೇ ಏಕೆ ತೆರೆದುಕೊಳ್ಳುತ್ತವೆ ಎಂಬ ಪ್ರಶ್ನೆ ಶಿಷ್ಯನ ಮನಸ್ಸಿನಲ್ಲಿ ಉಳಿಯಿತು. ತನ್ನ ಶೋಧಕ್ಕೆ ಆ ಕವಾಟಗಳೇ ಪ್ರೇರಣೆಯೆಂದು ಹಾರ್ವೆ ಮುಪ್ಪಿನಲ್ಲಿ ತಿಳಿಸಿದುದನ್ನು ರಾಬರ್ಟ್ ಬಾಯ್ಲ್ ದಾಖಲಿಸಿದ್ದಾನೆ.

1602ರಲ್ಲಿ ವೈದ್ಯಪದವಿ ಪಡೆದು ಸ್ವದೇಶಕ್ಕೆ ಮರಳಿದ ಹಾರ್ವೆ, 1604ರಲ್ಲಿ ಎಲಿಜಬೆತ್ ಬ್ರೌನ್ ಎಂಬಾಕೆಯನ್ನು ವಿವಾಹವಾದನು. ದಂಪತಿಗಳಿಗೆ ಮಕ್ಕಳಾಗಲಿಲ್ಲ. 1609ರಲ್ಲಿ ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯ ವೈದ್ಯನಾದನು. ಮುಂದೆ ಒಂದನೆಯ ಜೇಮ್ಸ್ ಮತ್ತು ಒಂದನೆಯ ಚಾರ್ಲ್ಸ್ ದೊರೆಗಳ ಆಸ್ಥಾನ ವೈದ್ಯನಾದನು. 1616ರಿಂದ ವೈದ್ಯರ ಕಾಲೇಜಿನಲ್ಲಿ ಅಂಗರಚನೆಯ ಕುರಿತು ಉಪನ್ಯಾಸಗಳನ್ನು ನೀಡತೊಡಗಿದನು.

ಅಂದು ಎಲ್ಲೆಡೆ ಮಾನ್ಯವಾಗಿದ್ದುದು ಕ್ರಿಸ್ತಶಕ ಎರಡನೆಯ ಶತಮಾನದ ಗ್ಯಾಲನ್ ಎಂಬ ವೈದ್ಯನ ಮತ. ತಿಂದ ಆಹಾರದಿಂದ ಯಕೃತ್ತಿನಲ್ಲಿ ರಕ್ತವು ಹುಟ್ಟುತ್ತದೆ. ಹೊಲಕ್ಕೆ ಹಾಯಿಸಿದ ನೀರು ಅಲ್ಲಿಯೇ ಇಂಗುವಂತೆ ಅಂಗಾಂಗಗಳಲ್ಲಿ ವ್ಯಯವಾಗುತ್ತದೆ. ಹೃದಯದ ನಡುಗೋಡೆಯಲ್ಲಿರುವ ಕಾಣದ ರಂಧ್ರಗಳ ಮೂಲಕ ಬಲದಿಂದ ಎಡಕ್ಕೆ ಜಿನುಗುತ್ತದೆ. ರಕ್ತವು ಶ್ವಾಸಕೋಶದ ಮೂಲಕವೇ ಬಲದಿಂದ ಎಡಕ್ಕೆ ಸಾಗುತ್ತದೆಂದು 13ನೆಯ ಶತಮಾನದಲ್ಲಿ ಇಬ್ನ್ ಅಲ್ ನಫೀಸ್ ಎಂಬ ಅರಬ್ ವೈದ್ಯನೂ, 16ನೆಯ ಶತಮಾನದಲ್ಲಿ ಇಟಲಿಯ ಕೊಲಂಬೊ ಮೊದಲಾದವರೂ ಬರೆದಿದ್ದರು. ಆದರೆ ದೇಹದ ಪೂರ್ಣ ಸುತ್ತನ್ನು ಯಾರೂ ಪ್ರಯೋಗದಿಂದ ಸಾಧಿಸಿರಲಿಲ್ಲ.

ಹಾರ್ವೆ ಪ್ರಾಣಿಗಳ ಎದೆಯನ್ನು ತೆರೆದು ನೋಡಿದನು. ಮೊದಮೊದಲು ಏನೂ ತಿಳಿಯಲಿಲ್ಲ. ನಾಯಿಯಂಥ ಪ್ರಾಣಿಗಳಲ್ಲಿ ಬಡಿತ ಅಷ್ಟು ವೇಗವಾಗಿತ್ತು. ಆಗ ಅವನು ಕಪ್ಪೆ, ಮೀನು, ಹಾವುಗಳ ನಿಧಾನವಾದ ಹೃದಯಗಳತ್ತ ತಿರುಗಿದನು. ಹೃದಯವು ಬಿಗಿಯಾಗಿ ಕುಗ್ಗುವುದೇ ಅದರ ನಿಜವಾದ ಕೆಲಸ, ಆ ಕ್ಷಣದಲ್ಲಿ ರಕ್ತವು ಹೊರದೂಡಲ್ಪಟ್ಟು ಅಪಧಮನಿಗಳು ಉಬ್ಬುತ್ತವೆ, ನಾಡಿ ಎಂದರೆ ಇದೇ ಎಂಬುದು ಸ್ಪಷ್ಟವಾಯಿತು.

ಅನಂತರ ಅವನು ಮಾಡಿದುದು ನಮ್ಮ ಐದನೆಯ ತರಗತಿಯ ಮಕ್ಕಳೂ ಮಾಡಬಲ್ಲ ಒಂದು ಲೆಕ್ಕ. ಒಂದು ಬಡಿತಕ್ಕೆ ಅರ್ಧ ಔನ್ಸ್ ರಕ್ತ ಮಾತ್ರ ಹೊರಬೀಳುತ್ತದೆ, ಅರ್ಧ ಗಂಟೆಗೆ 1000 ಬಡಿತ ಎಂದಿಟ್ಟುಕೊಂಡರೂ 500 ಔನ್ಸ್, ಅಂದರೆ ಸುಮಾರು 14 ಕಿಲೋ ರಕ್ತವಾಯಿತು. ಇಡೀ ದೇಹದಲ್ಲಿ ಅಷ್ಟು ರಕ್ತವೇ ಇಲ್ಲ. ಅರ್ಧ ಗಂಟೆಯಲ್ಲಿ ಯಾರೂ ಅಷ್ಟು ಆಹಾರವನ್ನು ಉಣ್ಣಲಾರರು. ಆದುದರಿಂದ ಅದೇ ರಕ್ತವು ಮತ್ತೆ ಮತ್ತೆ ಸುತ್ತಿ ಬರುತ್ತಿರಲೇಬೇಕು. ಹೃದಯವು ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ದೂಡುತ್ತದೆಂದು ಇಂದು ತಿಳಿದಿದೆ. ಹಾರ್ವೆಯ ಅಂದಾಜು ಬಹಳ ಕಡಿಮೆಯದಾಗಿತ್ತು. ಆದರೂ ವಾದವನ್ನು ಗೆಲ್ಲಲು ಅದೇ ಸಾಕಾಯಿತು.

ತೋಳಿಗೆ ಪಟ್ಟಿ ಕಟ್ಟಿಯೂ ಅವನು ಪರೀಕ್ಷಿಸಿದನು. ಬಹಳ ಬಿಗಿಯಾಗಿ ಕಟ್ಟಿದರೆ ಆಳದಲ್ಲಿರುವ ಅಪಧಮನಿ ಮುಚ್ಚಿ, ಕೈ ತಣ್ಣಗಾಗಿ, ನಾಡಿ ನಿಲ್ಲುತ್ತದೆ. ಸ್ವಲ್ಪ ಸಡಿಲಿಸಿದರೆ ರಕ್ತ ಒಳಬರುತ್ತದೆ. ಆದರೆ ಮೇಲ್ಭಾಗದ ಅಭಿಧಮನಿಗಳು ಇನ್ನೂ ಅದುಮಿಕೊಂಡಿರುವುದರಿಂದ ಮರಳಿ ಹೋಗಲಾರದೆ ಅವು ಉಬ್ಬಿ ನಿಲ್ಲುತ್ತವೆ. ಉಬ್ಬಿದ ನಾಳದ ರಕ್ತವನ್ನು ಬೆರಳಿನಿಂದ ಕೈಯ ತುದಿಯತ್ತ ಒತ್ತಿದರೆ ಕವಾಟ ಬಿಡುವುದಿಲ್ಲ. ಹೃದಯದತ್ತ ಒತ್ತಿದರೆ ಸರಾಗವಾಗಿ ಹರಿಯುತ್ತದೆ. ಗುರು ತೋರಿಸಿದ ಬಾಗಿಲುಗಳ ಅರ್ಥ ಕೊನೆಗೂ ತಿಳಿಯಿತು.

1628ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಅವನ 72 ಪುಟಗಳ ಲ್ಯಾಟಿನ್ ಗ್ರಂಥ ಪ್ರಕಟವಾಯಿತು. ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಎಡ ಹೃತ್ಕರ್ಣಕ್ಕೆ, ಎಡ ಹೃತ್ಕುಕ್ಷಿಯಿಂದ ಮಹಾಪಧಮನಿಯ ಮೂಲಕ ಸರ್ವಾಂಗಗಳಿಗೆ, ಅಭಿಧಮನಿಗಳ ಮೂಲಕ ಮರಳಿ ಬಲ ಹೃತ್ಕರ್ಣಕ್ಕೆ: ನಾವು ಕಪ್ಪುಹಲಗೆಯ ಮೇಲೆ ಬರೆಯುವ ಚಿತ್ರ ಅದರಲ್ಲಿತ್ತು. ಅದಕ್ಕೆ ತೆತ್ತ ಬೆಲೆಯೂ ಕಡಿಮೆಯದಲ್ಲ. ಜನರು ಅವನನ್ನು ತಲೆಕೆಟ್ಟವನೆಂದು ಭಾವಿಸಿದರು, ರೋಗಿಗಳು ದೂರವಾದರು. ಪ್ಯಾರಿಸ್ಸಿನ ರಿಯೊಲಾನ್‌ನಂಥ ಪ್ರಖ್ಯಾತ ಪಂಡಿತರು ವಿರೋಧಿಸಿದರು. ರಿಯೊಲಾನ್‌ಗೆ ಅವನು ಅಚ್ಚಿನಲ್ಲಿ ಉತ್ತರ ಕೊಟ್ಟುದು 1649ರಲ್ಲಿ, ಗ್ರಂಥ ಹೊರಬಂದು ಎರಡು ದಶಕಗಳಾದ ಮೇಲೆ.

ಕಣ್ಣಿನಿಂದ ಕಂಡುದನ್ನೇ ನಂಬುವ ಅವನ ಗುಣವು ಮನುಷ್ಯರ ಪ್ರಾಣಕ್ಕೂ ರಕ್ಷೆಯಾಯಿತು. 1634ರಲ್ಲಿ ಮಾಟಗಾತಿಯರೆಂಬ ಆರೋಪಕ್ಕೆ ಗುರಿಯಾದ ಲ್ಯಾಂಕಶೈರಿನ ನಾಲ್ವರು ಹೆಂಗಸರ ದೇಹಪರೀಕ್ಷೆ ಅವನ ಮೇಲ್ವಿಚಾರಣೆಯಲ್ಲಿ ನಡೆಯಿತು. ಅಸಹಜವಾದುದೇನೂ ಇಲ್ಲವೆಂಬ ವರದಿ ಹೊರಬಿದ್ದಿತು. 1642ರಲ್ಲಿ ಅಂತರ್ಯುದ್ಧ ಆರಂಭವಾದಾಗ ರಾಜನ ಪಕ್ಷದಲ್ಲಿದ್ದ ಹಾರ್ವೆಯ ವಸತಿಯನ್ನು ಸಂಸತ್ತಿನ ಪಕ್ಷದ ಸೈನಿಕರು ಸೂರೆಗೈದರು; ವರ್ಷಗಳ ಶ್ರಮದ ಟಿಪ್ಪಣಿಗಳು ನಾಶವಾದವು. ಆ ನಷ್ಟವು ಅವನನ್ನು ಕೊನೆಯವರೆಗೂ ಕಾಡಿತು.

ಇಂಥ ಹಾರ್ವೆಯೂ ಎಲ್ಲವನ್ನೂ ಅರಿತಿರಲಿಲ್ಲ. ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ಬಗೆಯನ್ನು ಅವನು ಕಾಣಲಿಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಗಳ ಬಳಿಕ, 1661ರಲ್ಲಿ, ಇಟಲಿಯ ಮಾಲ್ಪಿಗಿ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಸೂಕ್ಷ್ಮದರ್ಶಕದಿಂದ ಕಂಡನು. ಶ್ವಾಸಕೋಶದಲ್ಲಿ ರಕ್ತವು ಗಾಳಿಯಿಂದ ಆಮ್ಲಜನಕವನ್ನು ಪಡೆಯುತ್ತದೆಂಬುದು ತಿಳಿಯಲು ಇನ್ನೂ ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು. ಇನ್ನೊಂದು ಸಂಗತಿಯಂತೂ ಚಿಂತನೀಯ. ಕರುಳಿನಿಂದ ಹಾಲಿನಂಥ ರಸವನ್ನು ಒಯ್ಯುವ ನಾಳಗಳನ್ನು ಇಟಲಿಯ ಅಸೆಲ್ಲಿ 1622ರಲ್ಲಿ ಕಂಡಿದ್ದನು. ಆ ರಸವು ಯಕೃತ್ತಿಗೆ ಹೋಗದೆ ಎದೆಯೊಳಗಿನ ನಾಳದಿಂದ ಕತ್ತಿನ ಬಳಿಯ ಅಭಿಧಮನಿಯನ್ನು ಸೇರುತ್ತದೆಂದು ಫ್ರಾನ್ಸಿನ ಪೆಕೆ 1651ರಲ್ಲಿ ತೋರಿಸಿದನು. ಗ್ಯಾಲನ್‌ನನ್ನು ಪ್ರಶ್ನಿಸಿದ ಹಾರ್ವೆ ಇದನ್ನು ಮಾತ್ರ ಒಪ್ಪಲಿಲ್ಲ. ಲೋಮನಾಳಗಳಿಂದ ಹೊರಜಿನುಗಿದ ದ್ರವವನ್ನು ರಕ್ತಕ್ಕೆ ಮರಳಿಸುವುದು ಈ ದುಗ್ಧರಸ ನಾಳಗಳ ಕಾರ್ಯವೆಂದು ಈಗ ನಾವು ಬಲ್ಲೆವು. ಅವಕ್ಕೆ ಹೃದಯವಿಲ್ಲ, ಸ್ನಾಯುಗಳ ಚಲನೆ, ಉಸಿರಾಟ, ಒಳಗಿನ ಕವಾಟಗಳೇ ಆಧಾರ. ನಮ್ಮ ಕರಾವಳಿಯ ಹಿರಿಯರು ಚೆನ್ನಾಗಿ ಬಲ್ಲ ಆನೆಕಾಲು ರೋಗವು ಈ ನಾಳಗಳು ಕೆಟ್ಟುಹೋದುದರ ಫಲ. ತಪ್ಪನ್ನು ತಿದ್ದಿದವನೂ ತಪ್ಪಬಲ್ಲನೆಂಬುದನ್ನು ಗುರುಸ್ಥಾನದಲ್ಲಿರುವ ನಾವು ನೆನಪಿಡಬೇಕು.

1657ರ ಜೂನ್ 3ರಂದು ಹಾರ್ವೆ ತನ್ನ 79ನೆಯ ವಯಸ್ಸಿನಲ್ಲಿ ನಿಧನನಾದನು. ಅಷ್ಟರಲ್ಲಿ ಅವನ ಸಿದ್ಧಾಂತವು ಬಹುಮಾನ್ಯವಾಗಿತ್ತು. ಹುಟ್ಟೂರಿನಲ್ಲಿ 1674ರಲ್ಲಿ ಸ್ಥಾಪಿತವಾದ, ಅವನ ಹೆಸರಿನ ಶಾಲೆ ಇಂದಿಗೂ ನಡೆಯುತ್ತಿದೆ.

ಶತಮಾನೋತ್ಸವದ ಈ ಸಂಚಿಕೆಗೆ ಹಾರ್ವೆಯ ಜೀವನವನ್ನು ಆರಿಸಿಕೊಳ್ಳಲು ಒಂದು ಕಾರಣವಿದೆ. ಪ್ರತಿ ಜೂನ್ ತಿಂಗಳಲ್ಲಿ, ಮಕ್ಕಳನ್ನು ಸೇರಿಸಲು ಬರುವ ತಂದೆತಾಯಿಯರು, ವಿಜ್ಞಾನವನ್ನು ಕನ್ನಡದಲ್ಲಿ ಕಲಿತರೆ ಮುಂದೇನು ಗತಿಯೆಂದು ನನ್ನನ್ನು ಕೇಳುತ್ತಾರೆ. ಗಡಿನಾಡಿನ ಶಾಲೆಗೆ ಇದು ಅಳಿವು ಉಳಿವಿನ ಪ್ರಶ್ನೆ. ಹಾರ್ವೆಯ ಕಾಲದಲ್ಲಿ ವಿದ್ವತ್ತಿನ ಭಾಷೆ ಲ್ಯಾಟಿನ್. ಅವನೂ ಗ್ರಂಥವನ್ನು ಅದರಲ್ಲಿಯೇ ಬರೆದನು. ಆದರೆ ಅವನ ಉಪನ್ಯಾಸದ ಟಿಪ್ಪಣಿಗಳಲ್ಲಿ ಲ್ಯಾಟಿನ್ನಿನ ನಡುನಡುವೆ ಮನೆಮಾತು ಇಂಗ್ಲಿಷ್ ನುಗ್ಗಿ ಬರುತ್ತದೆ. ಹೃದಯವನ್ನು ನೀರೆತ್ತುವ ಯಂತ್ರದ ಕವಾಟಗಳಿಗೆ ಹೋಲಿಸುವಾಗ ಅವನ ಲೇಖನಿ ಹಿಡಿದುದು ಆ ಮಾತನ್ನೇ. ದೊಡ್ಡ ವಿಷಯವೊಂದು ಮನಸ್ಸಿಗೆ ನಾಟುವುದು ತನ್ನ ನುಡಿಯಲ್ಲಿ. ಅನಂತರ ಅದನ್ನು ಯಾವ ಭಾಷೆಯಲ್ಲಿಯಾದರೂ ಬರೆಯಬಹುದು. ಹೃತ್ಕರ್ಣ, ಹೃತ್ಕುಕ್ಷಿ ಎಂಬ ಪದಗಳನ್ನು ಈ ಶಾಲೆಯ ಬೆಂಚುಗಳ ಮೇಲೆ ಮೊದಲು ಕಲಿತ ಹಲವರು ಇಂದು ವೈದ್ಯರೂ ದಾದಿಯರೂ ಆಗಿ ಪರರ ನಾಡಿ ಹಿಡಿಯುತ್ತಿದ್ದಾರೆ. ತಂದೆತಾಯಿಯರಿಗೆ ನಾನು ಕೊಡುವ ಉತ್ತರ ಅವರೇ.