ದುಡ್ಡು ಬೇಡ ಅಂದ ಕೋಚ್, ದುಡ್ಡಿನ ಆಟ

ಇಂಜಿನಿಯರಿಂಗ್ ಓದುವಾಗ ಸ್ಟ್ಯಾಗ್ ಫೀಲ್ಡ್ ಅನ್ನೋ ಹೆಸರು ನನಗೆ ಸಿಕ್ಕಿದ್ದು ಅಣುಶಕ್ತಿಯ ಪಾಠದಲ್ಲಿ. 1942ರ ಡಿಸೆಂಬರ್ 2ರಂದು ಶಿಕಾಗೋ ವಿಶ್ವವಿದ್ಯಾಲಯದ ಈ ಕ್ರೀಡಾಂಗಣದ ಗ್ಯಾಲರಿ ಕೆಳಗೆ ಎನ್ರಿಕೋ ಫರ್ಮಿ ತಂಡ ಮೊದಲ ಅಣು ರಿಯಾಕ್ಟರ್ ನಡೆಸಿತು. ಅದಕ್ಕೆ ಮೂರು ವರ್ಷ ಮೊದಲೇ ವಿವಿ ತನ್ನ ಫುಟ್‌ಬಾಲ್ ತಂಡಕ್ಕೆ ಬೀಗ ಹಾಕಿತ್ತು ಅನ್ನೋದು ಪಾಠದಲ್ಲಿ ಇರಲಿಲ್ಲ. ಆ ತಂಡ ಕಟ್ಟಿದವರು ಆಮೋಸ್ ಅಲೊಂಜೊ ಸ್ಟ್ಯಾಗ್. ಆಟ ಅಂದ್ರೆ ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್.

ಸ್ಟ್ಯಾಗ್ ಹುಟ್ಟಿದ್ದು 1862ರಲ್ಲಿ, ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿ. ಅಪ್ಪ ಚಪ್ಪಲಿ ಹೊಲಿಯುವವರು. ಪಾದ್ರಿಯಾಗಬೇಕೆಂದು ಯೇಲ್‌ಗೆ ಹೋದ ಹುಡುಗ ಅಲ್ಲಿ ಬೇಸ್‌ಬಾಲ್ ಪಿಚರ್ ಆಗಿ ಹೆಸರು ಮಾಡಿದರು. ವೃತ್ತಿಪರ ತಂಡಗಳು ದುಡ್ಡು ಹಿಡಿದು ಬಂದರೂ ಒಪ್ಪಲಿಲ್ಲ. ಆಟಕ್ಕೆ ಸಂಬಳ ತಗೊಂಡ್ರೆ ಆಟ ಕೆಡುತ್ತೆ ಅನ್ನೋದು ಅವರ ನಂಬಿಕೆ. ಮುಂದೆ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಗೆ ಹೋದರು. ಜೇಮ್ಸ್ ನೈಸ್ಮಿತ್ ಬಾಸ್ಕೆಟ್‌ಬಾಲ್ ಕಂಡುಹಿಡಿದದ್ದು ಅಲ್ಲೇ. 1892ರ ಮಾರ್ಚ್‌ನಲ್ಲಿ ನಡೆದ ಮೊದಲ ಸಾರ್ವಜನಿಕ ಪಂದ್ಯದಲ್ಲಿ ಮೇಷ್ಟ್ರುಗಳು ವಿದ್ಯಾರ್ಥಿಗಳಿಗೆ 5-1ರಿಂದ ಸೋತರು. ಮೇಷ್ಟ್ರುಗಳ ಆ ಒಂದೇ ಅಂಕ ಸ್ಟ್ಯಾಗ್ ಅವರದ್ದು.

ಅದೇ ವರ್ಷ ಶಿಕಾಗೋ ವಿವಿ ಬಾಗಿಲು ತೆರೆಯಿತು. ಯೇಲ್‌ನಲ್ಲಿ ಸ್ಟ್ಯಾಗ್‌ಗೆ ಪಾಠ ಹೇಳಿದ್ದ ವಿಲಿಯಂ ರೈನಿ ಹಾರ್ಪರ್ ಅದರ ಅಧ್ಯಕ್ಷ. ಹೊಸ ವಿವಿಗೆ ಪ್ರಚಾರ ಬೇಕಿತ್ತು. ಹಾಗಾಗಿ ಕೋಚ್‌ಗೆ ಪ್ರೊಫೆಸರ್ ದರ್ಜೆಯ ಕಾಯಂ ಹುದ್ದೆ ಸಿಕ್ಕಿತು. ಅಮೆರಿಕದಲ್ಲಿ ಆಗ ಇದು ಹೊಸ ಸಂಗತಿ. ಸ್ಟ್ಯಾಗ್ 41 ಸೀಸನ್ ಫುಟ್‌ಬಾಲ್ ಕಲಿಸಿದರು. ಬೇಸ್‌ಬಾಲ್, ಓಟದ ತಂಡಗಳೂ ಅವರ ಕೈಯಲ್ಲೇ ಇದ್ದವು, ಬಾಸ್ಕೆಟ್‌ಬಾಲ್ ತಂಡವನ್ನೂ ನೋಡಿಕೊಂಡರು.

1905ರಲ್ಲಿ ಅವರ ತಂಡ ಮಿಶಿಗನ್ ವಿರುದ್ಧ 2-0ಯಿಂದ ಗೆದ್ದಿತು. 56 ಪಂದ್ಯಗಳಿಂದ ಸೋಲೇ ಕಾಣದ ತಂಡ ಅದು. ಆ ಗೆಲುವಿನ ತಾರೆ ವಾಲ್ಟರ್ ಎಕರ್ಸಾಲ್. ಪ್ರವೇಶಕ್ಕೆ ಬೇಕಾದಷ್ಟು ಓದು ಇಲ್ಲದಿದ್ದರೂ ಆತನನ್ನು ಸೇರಿಸಿಕೊಂಡಿದ್ದಾರೆಂದು ಕಾಲಿಯರ್ಸ್ ಪತ್ರಿಕೆ ಅದೇ ವರ್ಷ ಬರೆಯಿತು. ಎಕರ್ಸಾಲ್ ಡಿಗ್ರಿ ಪಡೆಯದೆಯೇ ಹೊರಬಿದ್ದರು.

ನನಗೆ ಕಾಡೋದು ಇದೇ. ಸ್ಟ್ಯಾಗ್ ಕಪಟಿ ಅಲ್ಲ. ಕುಡಿಯುತ್ತಿರಲಿಲ್ಲ, ಸೇದುತ್ತಿರಲಿಲ್ಲ, ಸ್ವಂತಕ್ಕೆ ಸಂಪತ್ತು ಗುಡ್ಡೆ ಹಾಕಲಿಲ್ಲ. ಆದರೆ ಅವರು ಕಟ್ಟಿದ ವ್ಯವಸ್ಥೆಯಲ್ಲಿ ಟಿಕೆಟ್ ದುಡ್ಡು ವಿವಿಗೆ, ಹುದ್ದೆ ಕೋಚ್‌ಗೆ, ಮೈಮುರಿದು ಆಡುವ ಹುಡುಗನಿಗೆ ಮಾತ್ರ ಹವ್ಯಾಸಿ ಅನ್ನೋ ಗೌರವ. ಒಬ್ಬ ಮನುಷ್ಯ ಪ್ರಾಮಾಣಿಕನಾಗಿದ್ದರೆ ಅವನು ಕಟ್ಟಿದ್ದು ನ್ಯಾಯವಾಗಿರಬೇಕೆಂದೇನೂ ಇಲ್ಲ.

70 ತುಂಬಿದಾಗ ವಿವಿ ಅವರನ್ನು ನಿವೃತ್ತಿ ಮಾಡಿತು. ಹೊಸ ಅಧ್ಯಕ್ಷ ರಾಬರ್ಟ್ ಹಚಿನ್ಸ್‌ಗೆ ಫುಟ್‌ಬಾಲ್ ಅಂದ್ರೆ ಓದಿಗೆ ಅಡ್ಡಿ. ಸ್ಟ್ಯಾಗ್ ಸುಮ್ಮನೆ ಕೂರಲಿಲ್ಲ, ಕ್ಯಾಲಿಫೋರ್ನಿಯಾದ ಕಾಲೇಜ್ ಆಫ್ ದಿ ಪೆಸಿಫಿಕ್ ಸೇರಿದರು. 1938ರಲ್ಲಿ ಆ ಹುಡುಗರನ್ನು ಕರ್ಕೊಂಡು ಬಂದು, ತಮ್ಮದೇ ಹೆಸರಿನ ಕ್ರೀಡಾಂಗಣದಲ್ಲಿ ಶಿಕಾಗೋವನ್ನು 32-0ಯಿಂದ ಮಣಿಸಿದರು. ಮರುವರ್ಷ ಮಿಶಿಗನ್ ಕೈಲಿ ಶಿಕಾಗೋ 85-0 ಹೊಡೆತ ತಿಂದಿತು. ಆ ಡಿಸೆಂಬರ್‌ನಲ್ಲೇ ಹಚಿನ್ಸ್ ತಂಡ ಮುಚ್ಚಿಸಿದರು.

ಸ್ಟ್ಯಾಗ್ ಮಾತ್ರ ನಿಲ್ಲಲಿಲ್ಲ. 81ರ ವಯಸ್ಸಿನಲ್ಲಿ ವರ್ಷದ ಕೋಚ್ ಗೌರವ ಪಡೆದರು. ಆಮೇಲೆ ಮಗನ ಜೊತೆ ಸಸ್ಕ್ವೆಹಾನಾದಲ್ಲೂ ಕಲಿಸಿದರು. 1965ರಲ್ಲಿ ತೀರಿಕೊಂಡಾಗ 102 ವರ್ಷ.

ಕಾಲೇಜು ಆಟಗಾರರು ತಮ್ಮ ಹೆಸರು, ಮುಖದಿಂದ ದುಡಿಯಬಹುದೆಂದು ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಒಪ್ಪಿದ್ದು 2021ರಲ್ಲಿ. ಎಕರ್ಸಾಲ್ ಆಡಿ ನೂರು ವರ್ಷ ಕಳೆದ ಮೇಲೆ. ಅನುಭವ ಸಿಗುತ್ತೆ, ಸಂಬಳ ಯಾಕೆ ಅಂತ ಯಾರಾದ್ರೂ ನಿಮಗೆ ಹೇಳಿದಾಗ, ಹಾಗೆ ಹೇಳುವವರಿಗೆ ಸಂಬಳ ಬರುತ್ತಾ ಅಂತ ಒಮ್ಮೆ ಕೇಳಿ ನೋಡಿ.