ಮುಂಬಯಿಯ ನಾನಾ ಶಂಕರಶೇಟರು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಯಿಂದ ಸೀರೆಯ ವ್ಯಾಪಾರಕ್ಕಾಗಲಿ ಕೂಲಿಗಾಗಲಿ ಮುಂಬಯಿಗೆ ಹೋಗಿಬಂದವರು ಗ್ರಾಂಟ್ ರೋಡಿನ ಬಳಿ ನಾನಾ ಚೌಕವೆಂಬ ಸ್ಥಳವನ್ನು ಕಂಡಿರಬಹುದು. ಆ ನಾನಾ ಯಾರೆಂದು ಕೇಳಿದರೆ ಹೇಳುವವರು ಸ್ವಲ್ಪ ಜನ. ಅವರ ಹೆಸರು ಜಗನ್ನಾಥ ಶಂಕರಶೇಟ ಮುರಕುಟೆ. ಹಿಂದೆ ಜಮಖಂಡಿ ಮುಧೋಳಗಳಲ್ಲಿ ಸಂಸ್ಥಾನಿಕರು ಆಳುತ್ತಿದ್ದಾಗ್ಯೂ ಬೀಳಗಿಯ ಸೀಮೆಯು ಮುಂಬಯಿ ಇಲಾಖೆಗೆ ಸೇರಿತ್ತು. ಆದದರಿಂದ ಆ ಪಟ್ಟಣದಲ್ಲಿ ಇವರು ನಡಿಸಿದ ಕಾರ್ಯಗಳ ಫಲವು ನಮ್ಮ ಹಳ್ಳಿಗಳಿಗೂ ಮುಟ್ಟಿತೆಂದು ಹೇಳಬಹುದು.

ಇವರು 1803ನೆಯ ಇಸವಿಯಲ್ಲಿ ಠಾಣಾ ಸೀಮೆಯ ಮುರಬಾಡದಲ್ಲಿ ದೈವಜ್ಞ ಕುಲದಲ್ಲಿ ಹುಟ್ಟಿದರು. ಮನೆತನವು ವ್ಯಾಪಾರದಿಂದ ಬಹು ಐಶ್ವರ್ಯವನ್ನು ಹೊಂದಿತ್ತು. ತಂದೆಯು ತೀರಿಕೊಂಡಾಗ ಇವರಿನ್ನೂ ಯೌವನಸ್ಥರು. ಹಾಗಿದ್ದರೂ ವ್ಯವಹಾರದಲ್ಲಿ ಇವರ ಮಾತಿಗೆ ಎಷ್ಟು ಬೆಲೆ ಇತ್ತೆಂದರೆ, ಅರಬರು, ಅಫಘಾನರು ಮೊದಲಾದ ಪರದೇಶದ ವರ್ತಕರು ತಮ್ಮ ಹಣವನ್ನು ಬ್ಯಾಂಕಿನಲ್ಲಿಡದೆ ಇವರ ವಶಕ್ಕೆ ಕೊಟ್ಟು ಹೋಗುತ್ತಿದ್ದರಂತೆ. ಕೊಟ್ಟ ಗಂಟು ತಿರುಗಿ ಬರುವದೆಂಬ ನಂಬಿಕೆಯೇ ವ್ಯಾಪಾರಿಯ ಮೂಲಧನವಷ್ಟೆ.

ಗಳಿಸಿದವರು ಮುಂಬಯಿಯಲ್ಲಿ ಅನೇಕರಿದ್ದರು. ಶೇಟರ ಮನಸ್ಸಾದರೋ ವಿದ್ಯೆಯ ಕಡೆಗೆ ತಿರುಗಿತು. 1827ರಲ್ಲಿ ಗವರ್ನರ್ ಎಲ್ಫಿನ್‌ಸ್ಟನ್ ಸಾಹೇಬರು ಸ್ವದೇಶಕ್ಕೆ ಹೊರಟಾಗ ಅವರ ಹೆಸರಿನಲ್ಲಿ ವಿದ್ಯಾಲಯಕ್ಕಾಗಿ ನಿಧಿ ಕೂಡಿಸಿದವರಲ್ಲಿ ಇವರು ಮುಂದಾಳಾಗಿದ್ದರು. ವಿಧವೆಯರನ್ನು ಗಂಡನ ಚಿತೆಯಲ್ಲಿ ಸುಡುವ ಕ್ರೂರ ಪದ್ಧತಿಯನ್ನು ಸರಕಾರವು 1829ರಲ್ಲಿ ನಿಷೇಧಿಸುವದಕ್ಕೆ ಇವರು ಬೆಂಬಲವಾಗಿ ನಿಂತರು. ಇವರು ಕೊನೆಯ ವರೆಗೂ ತಮ್ಮ ಹಿರಿಯರ ಮತವನ್ನೇ ಆಚರಿಸಿದ ಹಿಂದೂಗಳೆಂಬದನ್ನು ನೆನಸಿದರೆ, ಆ ಧೈರ್ಯವು ಕಡಿಮೆಯದಲ್ಲ.

1840ರಲ್ಲಿ ವಿದ್ಯಾಮಂಡಲಿಯು ಸ್ಥಾಪಿತವಾದಾಗ ಶೇಟರು ಅದರ ಸಭಾಸದರಾದರು. ಅಲ್ಲಿ 1847ರ ಸುಮಾರಿಗೆ ಒಂದು ದೊಡ್ಡ ವಾದವು ಹುಟ್ಟಿತು. ಮಂಡಲಿಯ ಅಧ್ಯಕ್ಷರು ಸುಪ್ರೀಂ ಕೋರ್ಟಿನ ನ್ಯಾಯಾಧಿಪತಿ ಸರ್ ಎರ್ಸ್ಕಿನ್ ಪೆರಿಯವರು. ಇರುವ ಸ್ವಲ್ಪ ಹಣವನ್ನು ಇಂಗ್ಲಿಷ್ ವಿದ್ಯೆಗೆ ವೆಚ್ಚಮಾಡಿ ಮೇಲಿನ ಕೆಲವರನ್ನು ಸಿದ್ಧಪಡಿಸಬೇಕೆಂಬದು ಅವರ ಅಭಿಪ್ರಾಯ. ಶೇಟರು ಇದಕ್ಕೆ ಒಪ್ಪಲಿಲ್ಲ. ತಾವು ಇಂಗ್ಲಿಷನ್ನು ಚೆನ್ನಾಗಿ ಬಲ್ಲವರಾಗಿದ್ದರೂ, ಬಹುಜನರಿಗೆ ಜ್ಞಾನವು ತಾಯಿನುಡಿಯ ಮೂಲಕವೇ ಬರಬೇಕೆಂದು ಕರ್ನಲ್ ಜರ್ವಿಸ್ ಸಾಹೇಬರೊಡನೆ ಸೇರಿ ಬರವಣಿಗೆಯಲ್ಲಿಯೇ ವಿರೋಧ ತೋರಿಸಿದರು. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಮತ್ತೊಂದು ನುಡಿ ಆದರೆ ಒಕ್ಕಲಿಗನ ಮಗನೂ ನೇಕಾರನ ಮಗನೂ ಪಾಠವನ್ನು ಬಾಯಿಪಾಠ ಮಾಡಾರೇ ಹೊರತು ತಿಳಿಯಲಾರರೆಂಬದನ್ನು ನಾವೆಲ್ಲರೂ ಕಂಡಿದ್ದೇವೆ. ನಮ್ಮ ಸೀಮೆಗಳಲ್ಲಿ ಈ ಕಷ್ಟವು ಇಮ್ಮಡಿಯಾಗಿತ್ತು. ಜನರ ಮಾತು ಕನ್ನಡ, ಕಚೇರಿ ಶಾಲೆಗಳಲ್ಲಿ ನಡೆಯುತ್ತಿದ್ದದ್ದು ಮರಾಠಿ. ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರು ಮುಂದೆ ಎಷ್ಟೋ ದುಡಿಯಬೇಕಾಯಿತು. 1854ರಲ್ಲಿ ವಿಲಾಯತಿಯಿಂದ ಬಂದ ವುಡ್ ಸಾಹೇಬರ ಆಜ್ಞಾಪತ್ರವು ಸಾಮಾನ್ಯ ಜನರ ಶಿಕ್ಷಣಕ್ಕೆ ದೇಶಭಾಷೆಗಳನ್ನೇ ಗೊತ್ತುಮಾಡಿತು.

ಹೆಣ್ಣುಮಕ್ಕಳ ವಿದ್ಯೆಯ ವಿಷಯದಲ್ಲಿಯೂ ಹಾಗೆಯೇ. ಅಮೇರಿಕನ್ ಮಿಶನಿನವರು ಮುಂಬಯಿಯಲ್ಲಿ 1824ರಲ್ಲಿಯೇ ಹೆಣ್ಣುಮಕ್ಕಳ ಶಾಲೆಯನ್ನು ತೆರೆದಿದ್ದರೂ ಊರ ದೊಡ್ಡವರು ಇದನ್ನು ಮೆಚ್ಚುತ್ತಿರಲಿಲ್ಲ. 1849ರಲ್ಲಿ ಎಲ್ಫಿನ್‌ಸ್ಟನ್ ವಿದ್ಯಾಲಯದ ತರುಣರು ಕನ್ಯಾಶಾಲೆಗಳನ್ನಾರಂಭಿಸಿದಾಗ ಶೇಟರು ಗಿರಗಾಂವದ ತಮ್ಮ ಹಿತ್ತಲಿನಲ್ಲಿಯೇ ಸ್ಥಳಕೊಟ್ಟರು. ಇಷ್ಟು ದೊಡ್ಡ ಮನೆತನದವರ ಅಂಗಳದಲ್ಲಿ ಹುಡುಗಿಯರು ಅಕ್ಷರ ಕಲಿಯುತ್ತಿರುವದನ್ನು ಕಂಡ ಮೇಲೆ ಬೈಯುವವರ ಬಾಯಿ ಸ್ವಲ್ಪ ಕಟ್ಟಿತು. ಆದರೆ ಆ ಶಾಲೆಯ ಬಾಗಿಲು ಮೇಲ್ಜಾತಿಯವರಿಗೆ ತೆರೆದಷ್ಟು ಕೇರಿಯ ಬಡವರಿಗೆ ತೆರೆಯಲಿಲ್ಲವೆಂಬದನ್ನು ಮರೆಮಾಡುವದು ನ್ಯಾಯವಲ್ಲ.

ಉಗಿಬಂಡಿಯನ್ನು ಈ ದೇಶಕ್ಕೆ ತರುವದಕ್ಕಾಗಿ 1845ರಲ್ಲಿ ಸರ್ ಜಮಶೇಟಜಿ ಜೀಜೀಭಾಯಿಯವರೊಡನೆ ಇವರು ಪ್ರಯತ್ನಪಟ್ಟರು. 1853ನೆಯ ಎಪ್ರಿಲ್ 16ರಲ್ಲಿ 14 ಡಬ್ಬಿಗಳುಳ್ಳ ಮೊದಲಿನ ಬಂಡಿಯು ಸುಮಾರು 400 ಮಂದಿ ಅತಿಥಿಗಳನ್ನು ಕೂಡ್ರಿಸಿಕೊಂಡು ಬೋರಿಬಂದರದಿಂದ ಠಾಣೆಗೆ 21 ಮೈಲು ಓಡಿತು. ಅತಿಥಿಗಳಲ್ಲಿ ಶೇಟರೂ ಇದ್ದರು. ಅದಕ್ಕೆ ಮುಂಚಿನ ವರುಷ, 1852ರ ಆಗಸ್ಟದಲ್ಲಿ, ಪ್ರಜೆಗಳ ಕುಂದುಕೊರತೆಗಳನ್ನು ಪಾರ್ಲಿಮೆಂಟಿಗೆ ತಿಳಿಸುವದಕ್ಕಾಗಿ ಬಾಂಬೆ ಅಸೋಸಿಯೇಶನ್ ಎಂಬ ಸಭೆಯನ್ನು ಕಟ್ಟಿ ಅದರ ಅಧ್ಯಕ್ಷರಾಗಿದ್ದರು.

ಸರಕಾರದ ಮಾನಮರ್ಯಾದೆ ಎಷ್ಟು ದಿನ ನಿಲ್ಲುವದು? 1857ರ ದಂಗೆಯ ಕಾಲದಲ್ಲಿ ಅದು ಗೊತ್ತಾಯಿತು. ಆ ವರುಷ ನಮ್ಮ ಮುಧೋಳ ಸೀಮೆಯ ಹಲಗಲಿಯಲ್ಲಿ ಬೇಡರು ಆಯುಧಗಳನ್ನು ಒಪ್ಪಿಸದೆ ಹೋದದ್ದರಿಂದ ಊರನ್ನೇ ಸುಟ್ಟರು, ಹಿಡಿದವರನ್ನು ಗಲ್ಲಿಗೇರಿಸಿದರು. ಜಮಖಂಡಿಯ ಅಪ್ಪಾಸಾಹೇಬ ಪಟವರ್ಧನರನ್ನೂ 1858ರಲ್ಲಿ ಸೆರೆಯಲ್ಲಿಟ್ಟರು. ಅದೇ ಸಂಶಯದ ಗಾಳಿ ಮುಂಬಯಿಯಲ್ಲಿ ಶಂಕರಶೇಟರ ಮನೆಯ ಮೇಲೂ ಬೀಸಿತು. ದಂಗೆಕೋರರಿಗೆ ಇವರು ಒಳಗಿನಿಂದ ಸಹಾಯಕರೆಂದು ಚಾಡಿ ಹೇಳಲಾಯಿತು, ವಿಚಾರಣೆಯೂ ನಡೆಯಿತು. ಮೂವತ್ತು ವರುಷ ಗವರ್ನರರ ಪಕ್ಕದಲ್ಲಿ ಕೂತವರ ಬಾಗಿಲಲ್ಲಿ ಗುಪ್ತಚಾರರು ಸುಳಿದರು. ಸಾಕ್ಷಿ ಏನೂ ಸಿಕ್ಕದ್ದರಿಂದ ಆರೋಪವು ಬಿದ್ದುಹೋಯಿತು. ಹಲಗಲಿಯವರಿಗೆ ಅಂಥ ನಿಧಾನದ ವಿಚಾರಣೆ ದೊರೆಯಲಿಲ್ಲ.

1861ರ ಕಾಯಿದೆಯ ಮೇರೆಗೆ ಮುಂಬಯಿಯ ಕಾನೂನು ಕೌನ್ಸಿಲು 1862ರಲ್ಲಿ ಕೂಡಿದಾಗ ಸರಕಾರವು ಅದೇ ಶೇಟರನ್ನು ಸಭಾಸದರಾಗಿ ನೇಮಿಸಿತು. ಆಗ ನೇಮಕವಾದ ಈ ದೇಶದವರಲ್ಲಿ ನಮ್ಮ ಧಾರವಾಡ ಕಡೆಯ ಸವಣೂರಿನ ನವಾಬರೂ ಇದ್ದರು.

ಆ ವೇಳೆಗೆ ಅಮೇರಿಕದಲ್ಲಿ ಯುದ್ಧ ನಡೆಯುತ್ತಿದ್ದದ್ದರಿಂದ ವಿಲಾಯತಿಯ ಗಿರಣಿಗಳಿಗೆ ಅರಳೆ ಸಾಲದೆ, ಧಾರವಾಡದ ಹತ್ತಿಯು ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರದಿಂದ ಮುಂಬಯಿಗೆ ಹೋಗಿ ಚಿನ್ನದ ಬೆಲೆಗೆ ಮಾರಿತು. ಮುಂಬಯಿಯ ಜನರು ಹುಚ್ಚರಂತೆ ಶೇರುಗಳನ್ನು ಕೊಂಡರು. 1865ರಲ್ಲಿ ಯುದ್ಧವು ನಿಂತಿತು. ಜುಲೈ ಒಂದನೆಯ ತಾರೀಖಿಗೆ ಕೊಡತಕ್ಕ ಹಣವನ್ನು ಕೊಡಲಾರದೆ ಕೋಟ್ಯಧೀಶರು ದಿವಾಳಿಯಾದರು. ಅದೇ ತಿಂಗಳ 31ರಲ್ಲಿ ಶಂಕರಶೇಟರು ತೀರಿಕೊಂಡರು.

ಅವರ ಹೆಸರಿನಲ್ಲಿ ಸಂಸ್ಕೃತ ವಿದ್ಯಾರ್ಥಿಗಳಿಗೆ ವೇತನವು ಏರ್ಪಟ್ಟಿತು. ಮೆಟ್ರಿಕ್ ಪರೀಕ್ಷೆಯಲ್ಲಿ ಅದನ್ನು ಗೆಲ್ಲುವದು ಬಹುಕಾಲ ದೊಡ್ಡ ಗೌರವವಾಗಿತ್ತು. ಟೌನ್ ಹಾಲಿನಲ್ಲಿ ಅವರ ಅಮೃತಶಿಲೆಯ ಪ್ರತಿಮೆಯನ್ನು ಇಟ್ಟರು. ಗಿರಗಾಂವದ ಕನ್ಯಾಶಾಲೆಯು ಅವರು ಹೋದ ಮೇಲೆಯೂ ಅವರ ಹೆಸರಿನಿಂದಲೇ ನಡೆಯಿತು.