ಸುಲ್ತಾನರ ಗ್ರಂಥಭಂಡಾರ

ಟಿಪ್ಪು ಸುಲ್ತಾನ್ ಶಹೀದರ ಹೆಸರು ಕೇಳಿದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಖಡ್ಗ, ಕೋಟೆ, ಹುಲಿಯ ಚಿತ್ರ. ಚಾಮರಾಜನಗರ, ಗುಂಡ್ಲುಪೇಟೆಗಳಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ನಮ್ಮ ಕುಟುಂಬಗಳು ಗುಂಬಝ್ ಸಂದರ್ಶಿಸಿ, ಮಸ್ಜಿದೆ ಆಲಾದಲ್ಲಿ ನಮಾಝ್ ಮಾಡಿ, ದರಿಯಾ ದೌಲತ್ ನೋಡಿ ಮರಳುತ್ತವೆ. ಆ ಊರಿನ ಅರಮನೆಯಲ್ಲಿ ಸುಮಾರು 2000 ಹಸ್ತಪ್ರತಿಗಳ ಗ್ರಂಥಭಂಡಾರವಿತ್ತೆಂದು ಮಕ್ಕಳಿಗೆ ಹೇಳುವವರು ಎಷ್ಟು ಮಂದಿ?

ಸುಲ್ತಾನರ ತಂದೆ ಹೈದರಲಿ ಓದುಬರಹ ಕಲಿತವರಲ್ಲ. ಆ ಕೊರತೆ ಮಗನಿಗೆ ಬರಬಾರದೆಂದು ಗುರುಗಳನ್ನಿಟ್ಟು ಕಲಿಸಿದರು. ಮಗನಿಗೆ ಓದಿನ ರುಚಿ ಹತ್ತಿತು. ರಾಜ್ಯದ ಕೆಲಸ ಮುಗಿಸಿ, ರಾತ್ರಿಯ ಊಟದ ಬಳಿಕ ಸ್ವಲ್ಪ ನಡೆದಾಡಿ, ಹಾಸಿಗೆಯಲ್ಲಿ ಪುಸ್ತಕ ಹಿಡಿದು ನಿದ್ರೆ ಬರುವವರೆಗೆ ಓದುವುದು ಅವರ ವಾಡಿಕೆಯಾಗಿತ್ತೆಂದು ಚರಿತ್ರೆಕಾರರು ಬರೆದಿದ್ದಾರೆ.

ಅವರ ಅಭಿರುಚಿ ಎಂಥದು? 1809ರಲ್ಲಿ ಚಾರ್ಲ್ಸ್ ಸ್ಟೂವರ್ಟ್ ಪ್ರಕಟಿಸಿದ ಪಟ್ಟಿಯನ್ನು ನೋಡಿರಿ. ಪವಿತ್ರ ಕುರ್‌ಆನ್‌ನ 44 ಪ್ರತಿಗಳು, ಹದೀಸ್ 46, ಫಿಕ್ಹ್ 95, ತಸವ್ವುಫ್ 115, ಇತಿಹಾಸ 118. ಎಲ್ಲಕ್ಕಿಂತ ಹೆಚ್ಚು ಯಾವುದು ಗೊತ್ತೇ? ಕಾವ್ಯ, 190! ಯುದ್ಧದಲ್ಲೇ ಆಯುಷ್ಯ ಕಳೆದ ಅರಸನ ಮನೆಯಲ್ಲಿ ಇಷ್ಟು ಕವಿತೆಗಳು. ಗಣಿತಕ್ಕೆ ಸಿಕ್ಕಿದ ಪಾಲು ಮಾತ್ರ 7. ಓದುವುದರ ಜೊತೆಗೆ ಬರೆಸುವ ಹುಚ್ಚೂ ಅವರಿಗಿತ್ತು. ಅವರ ಆಶ್ರಯದಲ್ಲಿ ರಚನೆಯಾದ, ಅನುವಾದಗೊಂಡ ಗ್ರಂಥಗಳು ಸುಮಾರು 45. ಸೇನೆಯ ಶಿಸ್ತಿನ ಕುರಿತು ಝೈನುಲ್ ಆಬಿದೀನ್ ಶೂಸ್ತರಿ ಬರೆದ ಫತ್‌ಹುಲ್ ಮುಜಾಹಿದೀನ್ ಅವುಗಳಲ್ಲೊಂದು.

ಗ್ರಂಥಗಳಿಗೆ ಶ್ರೀರಂಗಪಟ್ಟಣದಲ್ಲೇ ಹೊಸ ತೊಗಲಿನ ರಟ್ಟು ಕಟ್ಟಿಸುತ್ತಿದ್ದರು. ನಡುವಿನ ಮುದ್ರೆಯಲ್ಲಿ ಅಲ್ಲಾಹನ ಹಾಗೂ ಪ್ರವಾದಿಯವರ(ಸ) ನಾಮ, ಫಾತಿಮಾ, ಹಸನ್, ಹುಸೈನ್‌ರ(ರ) ಹೆಸರುಗಳು. ನಾಲ್ಕು ಮೂಲೆಗಳಲ್ಲಿ ನಾಲ್ವರು ಖಲೀಫರ(ರ) ಹೆಸರುಗಳು. ಮೇಲೆ ಸರ್ಕಾರೆ ಖುದಾದಾದ್, ಕೆಳಗೆ ಅಲ್ಲಾಹ್ ಕಾಫಿ. ಇಷ್ಟು ಅಂದದ ಪುಸ್ತಕಗಳನ್ನು ಇಟ್ಟಿದ್ದ ಪರಿ ಕೇಳಿದರೆ ಮಾತ್ರ ನಗು ಬರುತ್ತದೆ. ಅರಮನೆಯ ಮಹಡಿಯ ಒಂದು ಕತ್ತಲೆ ಕೋಣೆಯಲ್ಲಿ, ತೊಗಲು ಹೊದಿಸಿದ ದೊಡ್ಡ ಬುಟ್ಟಿಗಳಲ್ಲಿ ಅವುಗಳನ್ನು ತುಂಬಿಡಲಾಗಿತ್ತು. ಒಂದು ಪುಸ್ತಕ ಬೇಕಾದರೆ ಇಡೀ ಬುಟ್ಟಿಯನ್ನೇ ನೆಲಕ್ಕೆ ಸುರಿಯಬೇಕು!

ಇನ್ನೊಂದು ಪುಸ್ತಕ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತಾವು ಕಂಡ 37 ಕನಸುಗಳನ್ನು ಸುಲ್ತಾನರು ಸ್ವಹಸ್ತದಿಂದ ಪಾರ್ಸಿಯಲ್ಲಿ ಬರೆದಿಟ್ಟಿದ್ದರು. ಅವರು ಹುತಾತ್ಮರಾದ ಮೇಲಷ್ಟೇ ಅದು ಕರ್ನಲ್ ಕಿರ್ಕ್‌ಪ್ಯಾಟ್ರಿಕ್‌ಗೆ ದೊರೆಯಿತು.

ಈ ಗ್ರಂಥಗಳೆಲ್ಲ ಎಲ್ಲಿಂದ ಬಂದವು? ಹಣ ಕೊಟ್ಟು ಕೊಂಡವು ಬಹಳ ಕಡಿಮೆ. ಸವಣೂರು, ಕಡಪ, ಕರ್ನಾಟಿಕ್ ಪ್ರದೇಶಗಳ ಮೇಲಿನ ಯುದ್ಧಗಳಲ್ಲಿ ತಂದೆಗೂ ಮಗನಿಗೂ ಕೈಸೇರಿದವೇ ಹೆಚ್ಚೆಂದು ಸ್ಟೂವರ್ಟ್ ಹೇಳುತ್ತಾನೆ. ಅಂದರೆ ಅವು ಇನ್ನೊಬ್ಬರ ಮನೆಯ ಪುಸ್ತಕಗಳು.

ಚಾಮರಾಜನಗರದವರೇ, ಈಗ ಬರುವ ಮಾತು ನಿಮ್ಮ ಊರಿಗೆ ಸಂಬಂಧಿಸಿದ್ದು. ನಿಮ್ಮ ಊರಿನ ಹಳೆಯ ಹೆಸರು ಅರಿಕುಠಾರ. ಅಲ್ಲಿ ಹುಟ್ಟಿದ ಚಾಮರಾಜ ಒಡೆಯರನ್ನು ಹೈದರಲಿ 1776ರಲ್ಲಿ ಸಿಂಹಾಸನಕ್ಕೆ ಆರಿಸಿದರು. ಅಧಿಕಾರವಿಲ್ಲದ ಅರಸರಾಗಿಯೇ ಅವರು 1796ರಲ್ಲಿ ತೀರಿಕೊಂಡರು. 1818ರಲ್ಲಿ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ನೆನಪಿಗೆ ಊರಿನ ಹೆಸರು ಬದಲಿಸಿದರು. ಇದೇ ಒಡೆಯರ ಅರಮನೆಯಲ್ಲಿದ್ದ ತಾಳೆಗರಿ, ಕಡತಗಳನ್ನು ಏನು ಮಾಡಬೇಕೆಂದು ಕೇಳಿದಾಗ, ಕುದುರೆಗಳಿಗೆ ಹುರುಳಿ ಬೇಯಿಸಲು ಒಲೆಗೆ ಹಾಕಿರೆಂದು ಸುಲ್ತಾನರು ಅಪ್ಪಣೆಯಿತ್ತರೆಂದು ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ ಬರೆದಿದ್ದಾನೆ.

ಇದನ್ನು ನಾವು ಹೇಗೆ ಸ್ವೀಕರಿಸಬೇಕು? ತಂದ ಸುದ್ದಿಯನ್ನು ಪರಿಶೀಲಿಸಬೇಕೆಂದು ಕುರ್‌ಆನ್ ಆಜ್ಞಾಪಿಸುತ್ತದೆ. ವಿಲ್ಕ್ಸ್ ಸುಲ್ತಾನರ ಶತ್ರುಗಳ ಸೇನೆಯ ಅಧಿಕಾರಿ, ಬಳಿಕ ಮೈಸೂರಿನ ರೆಸಿಡೆಂಟ್. ಸುಲ್ತಾನರನ್ನು ಕೆಟ್ಟವರೆಂದು ತೋರಿಸುವುದರಿಂದ ಅವನ ಕಂಪೆನಿಗೆ ಲಾಭವಿತ್ತು. 1791ರಲ್ಲಿ ಮರಾಠಾ ಸೈನ್ಯ ಲೂಟಿ ಮಾಡಿದ ಶೃಂಗೇರಿ ಮಠಕ್ಕೆ ಸುಲ್ತಾನರು ಕನ್ನಡದಲ್ಲಿ ಬರೆಸಿದ ಗೌರವದ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಅವು ತೋರುವ ಮನುಷ್ಯ ಬೇರೆ. ಆದರೆ ಅದೇ ಕುರ್‌ಆನ್, ನಮ್ಮವರ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ನುಡಿಯಬೇಕೆಂದೂ ಕಲಿಸುತ್ತದೆ. ಶತ್ರು ಹೇಳಿದನೆಂಬ ಒಂದೇ ಕಾರಣಕ್ಕೆ ಮಾತು ಸುಳ್ಳಾಗುವುದಿಲ್ಲ. ಮಠಕ್ಕೆ ಪತ್ರ ಬರೆಸಿದ್ದು ಅರಮನೆಯ ಓಲೆಗಳಿಗೆ ಉತ್ತರವೂ ಅಲ್ಲ. ಆ ಅಪ್ಪಣೆ ನಿಜವಾಗಿದ್ದರೆ ಅದು ತಪ್ಪೇ. ತಮಗೆ ಪ್ರಿಯವಾದ ಪುಸ್ತಕಗಳಿಗೆ ಚಿನ್ನದ ಮುದ್ರೆ ಒತ್ತಿಸಿದ ಅರಸ ಇನ್ನೊಬ್ಬರ ಓಲೆಗಳನ್ನು ಒಲೆಗೆ ಹಾಕಿಸುವುದನ್ನು, ಅಭಿಮಾನವಿದೆಯೆಂದು ನಾನು ಸಮರ್ಥಿಸಲಾರೆ. ನೀವೂ ಸಮರ್ಥಿಸಬೇಡಿ. ಶಾಲೆಯಲ್ಲಿ ಮಗುವನ್ನು ಯಾರಾದರೂ ಈ ಕುರಿತು ಕೇಳಿದರೆ, ಬರೆದವನು ಯಾರೆಂಬುದನ್ನೂ ಬರೆದದ್ದು ಏನೆಂಬುದನ್ನೂ ಎರಡನ್ನೂ ಅದು ಹೇಳಬಲ್ಲುದಾಗಲಿ.

1799ರ ಮೇ 4ರಂದು ಕೋಟೆ ಬಿದ್ದಿತು. ಗೆದ್ದವರು ತೊಗಲಿನ ಬುಟ್ಟಿಗಳನ್ನು ನೆಲಕ್ಕೆ ಸುರಿದರು. ಹೆಚ್ಚಿನ ಗ್ರಂಥಗಳು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗೆ ಹೋದವು; ಕೆಲವು ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಿಗೆ. ಕನಸಿನ ಪುಸ್ತಕ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಆ ಕತ್ತಲೆ ಕೋಣೆಯಿದ್ದ ಅರಮನೆ ಉಳಿದಿಲ್ಲ. ಮುಂದಿನ ಸಲ ಶ್ರೀರಂಗಪಟ್ಟಣಕ್ಕೆ ಹೋದಾಗ ರಂಗನಾಥಸ್ವಾಮಿ ದೇವಾಲಯದ ಸಮೀಪ ಅದರ ಕುರುಹುಗಳನ್ನು ಮಕ್ಕಳಿಗೆ ತೋರಿಸಿರಿ.